ಎದ್ದೇಳೋಕೂ ಒಂದು ಕುರ್ಚಿ

ನಾವು ನಾಲ್ಕು ಜನ ರಾಮಕೃಷ್ಣನಗರದಲ್ಲಿ, ಆಂದೋಲನ ಸರ್ಕಲ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಮನೆಯ ಹಿಂದಿನ ಪೋರ್ಷನ್‌ನಲ್ಲಿ ಬಾಡಿಗೆಗಿದ್ದೇವೆ. ಮುಂದೆ ಓನರ್ ಮನೆ. ಫೆಸ್ಟ್‌ನಲ್ಲಿ ‘ಡಿಫರೆಂಟ್ ಕುರ್ಚಿ’ ಮಾಡುವ ಸ್ಪರ್ಧೆಗೆ ಹೆಸರು ಕೊಟ್ಟಾಗ ನಮ್ಮ ಹತ್ರ ಇದ್ದದ್ದು ಒಂದು ಕಟರ್, ಒಂದು ಡಬ್ಬ ಫೆವಿಕಾಲ್, ಮತ್ತೆ ಸಿಕ್ಕಾಪಟ್ಟೆ ಕಾನ್ಫಿಡೆನ್ಸ್.

ಐಡಿಯಾ ನಮ್ಮದೇನಲ್ಲ. ಫ್ರಾಂಕ್ ಗೆಹ್ರಿ ಅನ್ನೋ ಆರ್ಕಿಟೆಕ್ಟ್ 1972ರಲ್ಲೇ ರಟ್ಟಿನಿಂದ ‘ವಿಗಲ್’ ಕುರ್ಚಿ ಮಾಡಿದ್ದರು. ಒಂದು ಪದರ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಅಂಟಿಸುತ್ತಾ ಹೋದರೆ ರಟ್ಟು ತುಂಬಾ ಗಟ್ಟಿಯಾಗುತ್ತೆ. ಅಂಗಡಿಯಿಂದ ಫ್ರಿಜ್ ಡಬ್ಬಗಳನ್ನು ಹೊತ್ತು ತಂದು ಮೂರು ರಾತ್ರಿ ಅಂಟಿಸಿದೆವು. 14 ಇಂಚು ಎತ್ತರ, ಹಿಂದಕ್ಕೆ ವಾಲಿದ ಸೀಟು, ಕೈ ಇಲ್ಲ, ಮುಂಭಾಗ ನೆಲದವರೆಗೆ ಗೋಡೆ ತರಹ ಮುಚ್ಚಿತ್ತು. ನಮ್ಮಲ್ಲೇ 80 ಕೆಜಿಯವನು ಕೂತು ಕುಣಿದರೂ ಮುರೀಲಿಲ್ಲ. ರೀಲ್ಸ್ ಆಯ್ತು, ಲೈಕ್ಸೂ ಬಂತು.

ಅಂಗಳದಲ್ಲಿ ಒಣಗೋಕೆ ಇಟ್ಟಿದ್ದಾಗ ಓನರ್ ಅವರ ತಾಯಿ ಬಂದ್ರು. ನಾವೂ ಅವರನ್ನು ಅಜ್ಜಿ ಅಂತಲೇ ಕರೆಯೋದು. “ಏನ್ರಪ್ಪಾ ಇದು, ಕೂತ್ಕೋಬಹುದಾ?” ಅಂದ್ರು. “ಕೂತ್ಕೊಳ್ಳಿ ಅಜ್ಜಿ!” ಅಂದೆವು. ಕೂತರು. ಚೆನ್ನಾಗಿದೆ ಅಂದ್ರು. ಆಮೇಲೆ ಏಳೋಕೆ ಆಗಲಿಲ್ಲ.

ಎರಡು ಸಲ ಪ್ರಯತ್ನ ಮಾಡಿ ಸುಮ್ಮನಾದರು. ಕೊನೆಗೆ ಇಬ್ಬರು ಕೈ ಹಿಡಿದು ಎಬ್ಬಿಸಿದೆವು. ಸೆರಗು ಸರಿ ಮಾಡಿಕೊಳ್ಳುತ್ತಾ, “ಹಾಳು ಮಂಡಿ ಕಣ್ರಪ್ಪಾ, ನಿಮ್ಮ ಕುರ್ಚಿ ಏನ್ ಮಾಡುತ್ತೆ” ಅಂದುಬಿಟ್ಟರು.

ಅವತ್ತು ರಾತ್ರಿ ಆ ಮಾತೇ ತಲೆಯಲ್ಲಿ ಕೊರೀತಿತ್ತು. ತಪ್ಪು ಮಂಡಿಯದ್ದಲ್ಲ, ನಮ್ಮದು. ನೀವೇ ಎದ್ದು ನೋಡಿ: ಮೊದಲು ಪಾದ ಮಂಡಿಗಿಂತ ಹಿಂದೆ ಹೋಗುತ್ತೆ, ಆಮೇಲೆ ದೇಹದ ಭಾರ ಮುಂದಕ್ಕೆ ಬಾಗಿ ಪಾದದ ಮೇಲೆ ಬರುತ್ತೆ. ನಮ್ಮ ಕುರ್ಚಿಯಲ್ಲಿ ಪಾದ ಹಿಂದೆ ಹೋಗೋಕೆ ಜಾಗವೇ ಇರಲಿಲ್ಲ. ಸೆಂಟರ್ ಆಫ್ ಗ್ರಾವಿಟಿ ಬಗ್ಗೆ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವರು ನಾವು!

ಮರುದಿನ ಅಜ್ಜಿ ವರಾಂಡದಲ್ಲಿ ಕೂರೋ ಜಾಗ ನೋಡಿದೆವು. ಒಂದರೊಳಗೊಂದು ಕೂರಿಸಿದ ಮೂರು ಪ್ಲಾಸ್ಟಿಕ್ ಕುರ್ಚಿ. ದಿನಾ ನೋಡ್ತಿದ್ದರೂ ಜಾಗ ಉಳಿಸೋಕೆ ಹಾಗಿಟ್ಟಿದ್ದಾರೆ ಅಂದುಕೊಂಡಿದ್ದೆವು. ಅಳೆದರೆ ಸೀಟು 20 ಇಂಚು. ಪಾದ ಹಿಂದೆ ಸರಿಯೋಕೆ ಜಾಗ ಇದೆ, ಊರೋಕೆ ಕೈಗಳಿವೆ. ಅಜ್ಜಿ ಯಾವ ಸ್ಪರ್ಧೆಗೂ ಹೆಸರು ಕೊಡದೇ ತಮ್ಮ ಕುರ್ಚಿಯನ್ನು ತಾವೇ ಡಿಸೈನ್ ಮಾಡಿಕೊಂಡಿದ್ದರು.

ಬೆಂಗಳೂರಿನ ಡಿಸೈನರ್ ಸಂದೀಪ್ ಸಂಗಾರು ಬಿದಿರನ್ನು ಸೀಳಿ, ಅಂಟಿಸಿ, ‘ಟ್ರಸ್ ಮಿ’ ಅನ್ನೋ ಪೀಠೋಪಕರಣ ಮಾಡಿದ್ದಾರೆ. ಸೇತುವೆಯ ಟ್ರಸ್ ತರಹ ತ್ರಿಕೋನಗಳೇ ಭಾರ ಹೊರುತ್ತವೆ. ಅದನ್ನು ನೋಡಿಕೊಂಡು ನಾವೂ ಬಿದಿರು ತಂದೆವು. ಅಷ್ಟು ನಾಜೂಕಾಗಿ ಸೀಳೋಕೆ ಬರದೆ ನೈಲಾನ್ ಹಗ್ಗದಲ್ಲಿ ತ್ರಿಕೋನ ಕಟ್ಟಿದೆವು. ಮುಂದೆ ಖಾಲಿ, 20 ಇಂಚು ಎತ್ತರ, ಮುಂದಕ್ಕೆ ಚಾಚಿದ ಕೈಗಳು. ಸೀಟಿಗೆ ಹಳೇ ಕುರ್ಚಿಯದೇ ರಟ್ಟು ಕತ್ತರಿಸಿ ಹಾಕಿದೆವು. ಕತ್ತರಿಸುವಾಗ ಸ್ವಲ್ಪ ಹೊಟ್ಟೆ ಉರೀತು, ಸುಳ್ಳು ಹೇಳಲ್ಲ.

ಹೊಸದು ಮೊದಲನೆಯದರಷ್ಟು ಚೆಂದ ಇಲ್ಲ. ಕೂತರೆ ಕಿರ್ ಅನ್ನುತ್ತೆ. ಅಜ್ಜಿ ಕೂತರು, ಕೈ ಊರಿದರು, ಒಬ್ಬರೇ ಎದ್ದರು. ಏನೂ ಆಗದವರ ಹಾಗೆ, “ನೋಡೋಕೆ ಏಣಿ ಇದ್ದಂಗೈತೆ” ಅಂದ್ರು.

ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ. ಕುರ್ಚಿ ಈಗ ಅವರ ವರಾಂಡದಲ್ಲಿದೆ, ಮೂರು ಪ್ಲಾಸ್ಟಿಕ್ ಕುರ್ಚಿಗಳ ಪಕ್ಕದಲ್ಲೇ. ಯಾವತ್ತು ಯಾವುದರಲ್ಲಿ ಕೂರಬೇಕು ಅನ್ನೋದು ಅಜ್ಜಿಯ ಇಷ್ಟ. ಈ ಸಲ ರಜೆಗೆ ಊರಿಗೆ ಹೋದಾಗ ನಿಮ್ಮನೆ ಅಜ್ಜಿ ತಾತ ಹೇಗೆ ಕೂರ್ತಾರೆ ಅಂತಲ್ಲ, ಹೇಗೆ ಏಳ್ತಾರೆ ಅಂತ ಒಂದ್ಸಲ ನೋಡಿ.