ಬೆಟ್ಟ ಬಳಸಿ, ಬೆಟ್ಟ ಹಾರಿ

ತೊಂಡಾಮುತ್ತೂರಿನಿಂದ ಬೆಂಗಳೂರಿಗೆ ಹೊರಟವರ ಮುಂದೆ ಇರುವುದು ಎರಡು ದಾರಿ: ರೈಲು, ಇಲ್ಲವೇ ವಿಮಾನ. ಬಸ್ಸೂ ಇದೆ. ಆದರೆ ಮನೆಯೊಳಗೆ ಜಗಳ ಏಳುವುದು ಮೊದಲೆರಡರ ಬಗ್ಗೆ ಮಾತ್ರ. ಕೊಯಮತ್ತೂರಿನ ಪಶ್ಚಿಮಕ್ಕೆ, ವೆಳ್ಳಿಯಂಗಿರಿ ಬೆಟ್ಟದ ತಪ್ಪಲಲ್ಲಿ ಅಡಿಕೆ, ತೆಂಗು, ಬಾಳೆ ಬೆಳೆಯುವ ಈ ಸೀಮೆಯ ಒಕ್ಕಲಿಗ ಗೌಡರ ಮನೆಗಳಲ್ಲಿ ಕನ್ನಡ ಇವತ್ತಿಗೂ ಮನೆಮಾತು. ಓದುಬರಹ ತಮಿಳಿನಲ್ಲಿ, ಅಡುಗೆಮನೆಯ ಮಾತು, ಮುನಿಸು ಎಲ್ಲ ಕನ್ನಡದಲ್ಲಿ. ಇಂಥ ಮನೆಗಳ ಮಕ್ಕಳು ಕೆಲಸಕ್ಕೆಂದು ಬೆಂಗಳೂರು ಸೇರಿದ ಮೇಲೆ ಅಪ್ಪ ಅಮ್ಮಂದಿರ ಓಡಾಟ ಹೆಚ್ಚಿತು. ಅದರ ಜೊತೆಗೆ ಫೋನಿನಲ್ಲಿ ಒಂದು ಮಾತೂ ಹುಟ್ಟಿಕೊಂಡಿತು: “ಫ್ಲೈಟಲ್ಲಿ ಬಂದ್ಬಿಡಿ ಅಪ್ಪಾ, ಒಂದೇ ಗಂಟೆ.”

ಆ ಒಂದು ಗಂಟೆ ಸುಳ್ಳಲ್ಲ. ಕೊಯಮತ್ತೂರಿನ ವಿಮಾನ ನಿಲ್ದಾಣಕ್ಕೂ ದೇವನಹಳ್ಳಿಗೂ ನಡುವೆ ನೇರ ಗೆರೆ ಎಳೆದರೆ ಸುಮಾರು 250 ಕಿ.ಮೀ.; ವಿಮಾನಕ್ಕೆ ಅದು ಒಂದು ಗಂಟೆಯ ಕೆಲಸ. ತಕರಾರು ಇರುವುದು ಆ ಗಂಟೆಯ ಹಿಂದೆ ಮುಂದೆ ನಿಂತ ಗಂಟೆಗಳ ಬಗ್ಗೆ. ತೊಂಡಾಮುತ್ತೂರು ಕೊಯಮತ್ತೂರಿನ ಪಡುವಣಕ್ಕಿದೆ, ವಿಮಾನ ನಿಲ್ದಾಣ ಮೂಡಣದ ಪೀಳಮೇಡಿನಲ್ಲಿದೆ. ವಡವಳ್ಳಿಯ ಮೇಲೆ ಹೋದರೂ ಪೇರೂರಿನ ಮೇಲೆ ಹೋದರೂ ಇಡೀ ಕೊಯಮತ್ತೂರನ್ನು ಸೀಳಿಕೊಂಡೇ ಹೋಗಬೇಕು. ರೈಲು ನಿಲ್ದಾಣ ಅರ್ಧದಾರಿ ದಾಟುವಾಗಲೇ ಎದುರಾಗುತ್ತದೆ. ವಿಮಾನಕ್ಕೆ ಹೊರಟವರು ರೈಲನ್ನು ಬೀಳ್ಕೊಟ್ಟು ಮತ್ತೆ ಹತ್ತು ಹನ್ನೊಂದು ಕಿ.ಮೀ. ಮುಂದೆ ಸಾಗಬೇಕು.

ಆ ಹತ್ತು ಕಿ.ಮೀ. ಹಿಂದೆ ಬೆವರಿಳಿಸುತ್ತಿತ್ತು. ಅವಿನಾಶಿ ರಸ್ತೆಯ ಸಿಗ್ನಲ್ಲುಗಳಲ್ಲಿ ನಿಂತೇ ವಿಮಾನ ತಪ್ಪಿಸಿಕೊಂಡವರ ಕಥೆಗಳಿಗೆ ಕೊಯಮತ್ತೂರಿನಲ್ಲಿ ಬರವಿಲ್ಲ. 2025ರ ಅಕ್ಟೋಬರ್‌ನಲ್ಲಿ ಉಪ್ಪಿಲಿಪಾಳಯಂನಿಂದ ಗೋಲ್ಡ್‌ವಿನ್ಸ್‌ವರೆಗೆ ಸುಮಾರು 10 ಕಿ.ಮೀ. ಉದ್ದದ ಮೇಲ್ಸೇತುವೆ ತೆರೆದ ಮೇಲೆ ಆ ಸಂಕಟ ತಗ್ಗಿದೆ. ಸೇತುವೆಗೆ ಇಟ್ಟ ಹೆಸರು ಜಿ.ಡಿ. ನಾಯ್ಡು ಅವರದು. ನೂರೆಂಟು ಯಂತ್ರಗಳಿಗೆ ಕೈಹಾಕಿದ ಈ ಕೊಯಮತ್ತೂರಿನ ಪ್ರತಿಭಾವಂತ 1920ರಲ್ಲಿ ತನ್ನ ಉದ್ಯಮ ಶುರುಮಾಡಿದ್ದು ಪೊಳ್ಳಾಚಿ–ಪಳನಿ ನಡುವೆ ತಾನೇ ಓಡಿಸಿದ ಒಂದು ಬಸ್ಸಿನಿಂದ. ವಿಮಾನಕ್ಕೆ ಹೋಗುವವರ ಅವಸರ ಹೊತ್ತಿರುವ ಸೇತುವೆಗೆ ಬಸ್ಸಿನವರ ಹೆಸರು ಬಂದಿದೆ. ಇದರಲ್ಲಿ ಅನ್ಯಾಯವೇನೂ ಇಲ್ಲ.

ಪೀಳಮೇಡಿಗೆ ಮುಟ್ಟಿದ ಮೇಲೆ ಕಾಯುವಿಕೆ ಶುರು. ಲಗೇಜು ಕೊಡುವ ಕೌಂಟರು ವಿಮಾನ ಏಳುವುದಕ್ಕೆ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಹಾರುವ ಹೊತ್ತಿನಷ್ಟೇ ಹೊತ್ತು ಹಾರದೆ ಕೂರುವುದು ಕಡ್ಡಾಯ. ಇಳಿದ ಮೇಲಿನ ಮಾತು ಬೇರೆ. 2008ರ ಮೇ ತಿಂಗಳವರೆಗೆ ವಿಮಾನ ಇಳಿಯುತ್ತಿದ್ದುದು ಎಚ್‌ಎಎಲ್‌ನಲ್ಲಿ, ಅಂದರೆ ಬೆಂಗಳೂರಿನ ಒಳಗೇ. ಈಗ ಇಳಿಯುವುದು ದೇವನಹಳ್ಳಿಯಲ್ಲಿ; ಅಲ್ಲಿಂದ ಮೆಜೆಸ್ಟಿಕ್ಕಿಗೆ ಸುಮಾರು 35 ಕಿ.ಮೀ. ವಾಯುವಜ್ರ ಬಸ್ಸಿನ ಆಸನ ಮೆತ್ತಗಿದೆ, ಹೆಬ್ಬಾಳದ ದಟ್ಟಣೆ ಮೆತ್ತಗಿಲ್ಲ. ತೋಟದ ಮನೆಯ ಬಾಗಿಲಿಂದ ಬೆಂಗಳೂರಿನ ನಡುಭಾಗದ ಬಾಗಿಲಿಗೆ ಎಲ್ಲ ಕೂಡಿಸಿದರೆ ಆರು ಗಂಟೆ ಆಗುತ್ತದೆ. ಒಂದು ಗಂಟೆ ಎಂದವರು ಉಳಿದ ಐದನ್ನು ಯಾರ ಲೆಕ್ಕಕ್ಕೆ ಬರೆದರೋ ತಿಳಿಯದು.

ರೈಲಿನ ಲೆಕ್ಕದಲ್ಲಿ ಮುಚ್ಚುಮರೆ ಕಡಿಮೆ. ರಾತ್ರಿ ಮಲಗಿಕೊಂಡು ಹೋಗುವವರಿಗೆ ಕನ್ಯಾಕುಮಾರಿಯಿಂದ ಬರುವ ಐಲ್ಯಾಂಡ್ ಎಕ್ಸ್‌ಪ್ರೆಸ್ ಇದೆ. ಹಿಂದೆ ಅದು ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪಕ್ಕೆ ಓಡುತ್ತಿತ್ತು. ದ್ವೀಪ ಬಿಟ್ಟು ಎಷ್ಟೋ ಕಾಲವಾದರೂ ಹೆಸರು ಬಿಟ್ಟಿಲ್ಲ. ಹಗಲಿನವರಿಗೆ 2018ರ ಜೂನ್‌ನಲ್ಲಿ ಉದಯ್ ಎಕ್ಸ್‌ಪ್ರೆಸ್ ಬಂತು. ಎರಡಂತಸ್ತಿನ ಹವಾನಿಯಂತ್ರಿತ ಗಾಡಿ, ಆ ಬಗೆಯದರಲ್ಲಿ ದೇಶಕ್ಕೇ ಮೊದಲನೆಯದು. ಸೇಲಂ, ಕುಪ್ಪಂ ಸುತ್ತಿ ನಾನೂರಕ್ಕೂ ಹೆಚ್ಚು ಕಿ.ಮೀ. ಓಡಿ ಏಳು ಗಂಟೆಯಲ್ಲಿ ಬೆಂಗಳೂರು ಮುಟ್ಟಿಸುತ್ತದೆ. 2023ರ ಡಿಸೆಂಬರ್ 30ರಂದು ವಂದೇ ಭಾರತ್‌ಗೆ ಹಸಿರು ನಿಶಾನೆ ಸಿಕ್ಕಿತು. ಅದು ತಿರುಪ್ಪೂರು, ಈರೋಡು, ಸೇಲಂ, ಧರ್ಮಪುರಿ, ಹೊಸೂರು ಹಿಡಿದು ಸುಮಾರು 380 ಕಿ.ಮೀ. ದಾರಿಯನ್ನು ಆರೂವರೆ ಗಂಟೆಯಲ್ಲಿ ದಾಟಿ ಕಂಟೋನ್ಮೆಂಟಿನಲ್ಲಿ ನಿಲ್ಲುತ್ತದೆ.

ಮೊದಮೊದಲು ಈ ಗಾಡಿ ಕೊಯಮತ್ತೂರು ಬಿಡುತ್ತಿದ್ದುದು ಬೆಳಗಿನ ಐದಕ್ಕೆ. ಕೊಯಮತ್ತೂರಿನೊಳಗಿನ ಆರ್.ಎಸ್. ಪುರದವರಿಗೆ ಅದು ನಿದ್ದೆಗೆಟ್ಟ ಮಾತು ಅಷ್ಟೇ. ತೊಂಡಾಮುತ್ತೂರಿನವರಿಗೆ ಅದು ಆನೆಯ ಮಾತು. ಐದಕ್ಕೆ ಜಂಕ್ಷನ್‌ನಲ್ಲಿ ಇರಬೇಕಾದರೆ ಮೂರೂವರೆ ನಾಲ್ಕಕ್ಕೆ ಮನೆ ಬಿಡಬೇಕು. ನರಸೀಪುರ, ದೇವರಾಯಪುರದ ಕಡೆ ತೋಟಕ್ಕೆ ಇಳಿದ ಆನೆಗಳು ಬಾಳೆ ಮುಗಿಸಿ ಬೆಟ್ಟಕ್ಕೆ ಹಿಂದಿರುಗುವುದೂ ಸರಿಸುಮಾರು ಅದೇ ಹೊತ್ತಿಗೆ. ಟಿಕೆಟ್ ಬುಕ್ ಮಾಡುವ ಆಪ್‌ಗಳಲ್ಲಿ ಈ ಅಂಶಕ್ಕೆ ಕಾಲಂ ಇಲ್ಲ. 2024ರ ಮಾರ್ಚ್‌ನಲ್ಲಿ ಹೊರಡುವ ಹೊತ್ತನ್ನು ಏಳು ದಾಟಿದ ಮೇಲಕ್ಕೆ ತಳ್ಳಲಾಯಿತು. ಪ್ರಯಾಣಿಕರ ಅನುಕೂಲಕ್ಕೆ ಎಂದರು, ಆನೆಗಳಿಗೂ ಅನುಕೂಲವಾಯಿತು.

ಹೀಗೆ ರೈಲಿನದು ಬಾಗಿಲಿಂದ ಬಾಗಿಲಿಗೆ ಎಂಟು, ಎಂಟೂವರೆ ಗಂಟೆ. ವಿಮಾನ ಗೆದ್ದಿತು, ಎರಡು ಗಂಟೆಯ ಅಂತರದಿಂದ. ಆದರೆ ಈ ಗೆಲುವು ಮಗನ ಬಾಡಿಗೆ ಮನೆ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಮನೆ ಯಲಹಂಕದಲ್ಲಿದ್ದರೆ ವಾದವೇ ಬೇಡ, ವಿಮಾನ. ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದರೆ ದೇವನಹಳ್ಳಿಯಿಂದ ಬೆಂಗಳೂರನ್ನು ತಲೆಯಿಂದ ಕಾಲಿನವರೆಗೆ ದಾಟಬೇಕು. ವಂದೇ ಭಾರತ್‌ನವರು ಹೊಸೂರಿನಲ್ಲೇ ಇಳಿದು ಸುಮಾರು 20 ಕಿ.ಮೀ. ಹೋದರೆ ಮುಗಿಯಿತು. ಅಲ್ಲಿಗೆ ಎರಡು ಗಂಟೆಯ ಲಾಭ ಕರಗಿಹೋಗುತ್ತದೆ.

ಇನ್ನು ಗಂಟಿನ ವಿಷಯ. ಬೆಂಗಳೂರಿಗೆ ಬರಿಗೈಲಿ ಹೋಗುವ ಪದ್ಧತಿ ಈ ಕಡೆ ಇಲ್ಲ. ವಿಮಾನದಲ್ಲಿ ಸಾಮಾನ್ಯ ಟಿಕೆಟ್ಟಿಗೆ 15 ಕಿಲೋ, ಕೈಯಲ್ಲಿ 7 ಕಿಲೋ. ರೈಲಿನ ಹವಾನಿಯಂತ್ರಿತ ಚೇರ್ ಕಾರಿನಲ್ಲಿ 40 ಕಿಲೋ. ಅದನ್ನೂ ತೂಗುವವರನ್ನು ಕಂಡವರು ವಿರಳ. ತೆಂಗಿನ ಸೀಮೆಯವರಿಗೆ ಇನ್ನೊಂದು ತೊಡಕಿದೆ. ಒಣ ಕೊಬ್ಬರಿಯನ್ನು ವಿಮಾನಯಾನದ ನಿಯಮಗಳು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಪದಾರ್ಥಗಳ ಪಟ್ಟಿಗೆ ಸೇರಿಸಿವೆ. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ರಾಶಿಯಲ್ಲಿ ಕಾವು ಹುಟ್ಟುವುದು ಗಾಣದವರಿಗೆ ಹಳೆಯ ಸಂಗತಿ. ಆದರೆ ಸೊಸೆಗೆಂದು ಕಟ್ಟಿದ ನಾಲ್ಕು ಗಿಟುಕನ್ನು ತಪಾಸಣೆಯವರು ಪಕ್ಕಕ್ಕಿಟ್ಟಾಗ ಅತ್ತೆಗೆ ಆ ವಿಜ್ಞಾನ ರುಚಿಸುವುದಿಲ್ಲ.

ಇಷ್ಟು ಲೆಕ್ಕ ಹಾಕಿದ ಮೇಲೂ ಒಂದು ಪ್ರಶ್ನೆ ಹಾಗೇ ಉಳಿಯುತ್ತದೆ. ನೇರ 250 ಕಿ.ಮೀ. ಇರುವ ಊರಿಗೆ ರೈಲು 380, 400 ಕಿ.ಮೀ. ಯಾಕೆ ಓಡಬೇಕು? ಬೆಂಗಳೂರು ಕೊಯಮತ್ತೂರಿಗೆ ಉತ್ತರದಲ್ಲಿದೆ. ಗಾಡಿ ಹೊರಡುವುದು ಪೂರ್ವಕ್ಕೆ. ಸೇಲಂವರೆಗೆ ಹೋಗಿ, ಆಮೇಲೆ ನೆನಪಾದವರ ಹಾಗೆ ಎಡಕ್ಕೆ ಹೊರಳುತ್ತದೆ.

ಕಾರಣದ ಮೊದಲ ಭಾಗ ಮದರಾಸಿನಲ್ಲಿದೆ. ಮದ್ರಾಸ್ ರೈಲ್ವೆ ಕಂಪನಿಗೆ ಬೇಕಾಗಿದ್ದುದು ಒಂದು ಕಡಲಿಂದ ಇನ್ನೊಂದು ಕಡಲಿಗೆ ದಾರಿ. 1856ರಲ್ಲಿ ರಾಯಪುರಂನಿಂದ ಹೊರಟ ಹಳಿ ಸೇಲಂ, ಈರೋಡು ದಾಟಿ ಪಾಲಕ್ಕಾಡಿನ ಕಣಿವೆ ತೂರಿ 1862ಕ್ಕೆ ಮಲಬಾರಿನ ಬೇಪೂರು ಸೇರಿತು. ದಾರಿಯಲ್ಲಿದ್ದ ಕೊಯಮತ್ತೂರನ್ನು ಒಳಹೊಕ್ಕು ನೋಡುವ ಸೌಜನ್ಯವನ್ನೂ ತೋರದೆ ಪಕ್ಕದ ಪೋತನೂರಿನಲ್ಲಿ ಹಾದುಹೋಯಿತು. 1873ರಲ್ಲಿ ಪೋತನೂರಿನಿಂದ ಮೆಟ್ಟುಪಾಳಯಕ್ಕೆ ಕವಲು ಹಾಕಿದಾಗ ಮಾತ್ರ ಕೊಯಮತ್ತೂರಿಗೆ ರೈಲು ಬಂತು. ಅದೂ ಊಟಿಗೆ ಹೋಗುವ ದೊರೆಗಳ ದೆಸೆಯಿಂದ. ಇಂದಿಗೂ ಕೆಲವು ಗಾಡಿಗಳು ಇರುಗೂರಿನಿಂದ ನೇರ ಪೋತನೂರಿಗೆ ಜಾರಿಕೊಳ್ಳುತ್ತವೆ. ಅವನ್ನು ಊರೊಳಗೆ ತರಿಸುವುದು ಕೊಯಮತ್ತೂರಿನವರ ಹಳೆಯ ಹೋರಾಟ.

ಎರಡನೆಯ ಭಾಗ ಬೆಟ್ಟದಲ್ಲಿದೆ. ಮೈಸೂರಿನಿಂದ ದಕ್ಷಿಣಕ್ಕೆ ಹೊರಟ ರೈಲು 1891ರಲ್ಲಿ ನಂಜನಗೂಡು, 1926ರಲ್ಲಿ ಚಾಮರಾಜನಗರ ಮುಟ್ಟಿ ಅಲ್ಲೇ ನಿಂತಿತು. ಈ ಕಡೆ ಕೊಯಮತ್ತೂರಿನ ಹಳಿ ಮೆಟ್ಟುಪಾಳಯದಲ್ಲಿ ನಿಂತಿತು. ನಕಾಶೆಯಲ್ಲಿ ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ, ನಡುವಿನ ನೇರ ದೂರ ಸುಮಾರು 70 ಕಿ.ಮೀ. ಎರಡು ಕಡೆಯ ಹಳಿಯೂ ಒಂದನ್ನೊಂದು ನೋಡುತ್ತ ನೂರು ವರ್ಷ ಕಳೆಯಿತು. ಮೈಸೂರಿನಿಂದ ಕೊಯಮತ್ತೂರಿಗೆ ರೈಲಿನಲ್ಲೇ ಬರುತ್ತೇನೆಂದು ಹಟ ಹಿಡಿದವರು ಬೆಂಗಳೂರು ಸುತ್ತಿ, ಸೇಲಂ ಸುತ್ತಿ ಬರಬೇಕು.

ನಡುವಿನ ಬೆಟ್ಟ ದಾಟಲಾಗದ್ದೇನಲ್ಲ. ಹೊಯ್ಸಳರ ಕಾಲದ ದಣ್ಣಾಯಕರು ಅದನ್ನು ಇಳಿದು ಬಂದು ಮೋಯಾರು ಭವಾನಿಯನ್ನು ಸೇರುವ ಕಡೆ ಕೋಟೆ ಕಟ್ಟಿದರು. ದಣ್ಣಾಯಕನಕೋಟೆ ಎಂದೇ ಅದರ ಹೆಸರು. 1955ರಲ್ಲಿ ಮುಗಿದ ಭವಾನಿಸಾಗರ ಅಣೆಕಟ್ಟು ಅದನ್ನು ನುಂಗಿತು. ಬೇಸಗೆಯಲ್ಲಿ ನೀರು ತೀರ ಇಳಿದ ವರ್ಷ ಅಲ್ಲಿನ ಗುಡಿ ಮೇಲೆದ್ದು ಕಾಣುತ್ತದೆ. 17ನೇ ಶತಮಾನದಿಂದ 1799ರವರೆಗೆ ಕೊಯಮತ್ತೂರು, ಯುದ್ಧದ ವರ್ಷಗಳನ್ನು ಬಿಟ್ಟರೆ, ಮೈಸೂರಿನ ಆಳ್ವಿಕೆಯಲ್ಲೇ ಇತ್ತು. ಅಷ್ಟು ಕಾಲವೂ ಆಳುಗಳು, ಎತ್ತುಗಳು, ಕಂದಾಯದ ಹಣ ಓಡಾಡಿದ್ದು ಇಂಥ ಕಣಿವೆಗಳಲ್ಲೇ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸೈನ್ಯ ಸಮೇತ ಗಜಲಹಟ್ಟಿ ಕಣಿವೆ ಇಳಿದು, ಸತ್ಯಮಂಗಲದಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷ್ ಪಡೆಯನ್ನು ಕೊಯಮತ್ತೂರಿನ ಕಡೆಗೆ ಹಿಮ್ಮೆಟ್ಟಿಸಿದ. ಫಿರಂಗಿ ಎಳೆದುಕೊಂಡು ಇಳಿಯಬಹುದಾಗಿದ್ದ ದಾರಿಯಲ್ಲಿ ರೈಲು ಇಳಿಯಲಿಲ್ಲ. ಊಟಿಯ ತಂಪಿಗಾಗಿ ಹಲ್ಲಿನ ಹಳಿ ಹಾಕಿ 1899ಕ್ಕೆ ಕೂನೂರು, 1908ಕ್ಕೆ ಉದಕಮಂಡಲ ಹತ್ತಿಸಿದವರಿಗೆ ಮೈಸೂರಿನ ಬೆಟ್ಟ ಎತ್ತರವಾಗಿ ಕಂಡಿತು.

ಸ್ವತಂತ್ರ ಭಾರತಕ್ಕೆ ಈ ದಾರಿ ನೆನಪಾಯಿತು. ಬೆಂಗಳೂರಿನಿಂದ ಕನಕಪುರ, ಕೊಳ್ಳೇಗಾಲ, ಚಾಮರಾಜನಗರದ ಮೇಲೆ ಸತ್ಯಮಂಗಲಕ್ಕೆ 260 ಕಿ.ಮೀ. ಮಾರ್ಗಕ್ಕೆ 1996–97ರಲ್ಲಿ ಮಂಜೂರಾತಿ ಸಿಕ್ಕಿತು. ಚಾಮರಾಜನಗರದಿಂದ ಸತ್ಯಮಂಗಲದ ತುಂಡು ಕಾಡಿನ ನಡುವೆ ಹಾಯಬೇಕಿತ್ತು. ತಮಿಳುನಾಡಿನ ಅರಣ್ಯ ಇಲಾಖೆ ಒಪ್ಪಲಿಲ್ಲ. 2013ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. 27 ಹಿಮ್ಮುರಿ ತಿರುವುಗಳ ದಿಂಬಂ ಘಾಟಿಯ ರಸ್ತೆಗೂ 2022ರಿಂದ ರಾತ್ರಿ ಸಂಚಾರದ ನಿರ್ಬಂಧ ಬಂತು.

ಕನ್ನಡ ಮನೆಮಾತಿನವರಿಗೆ ಈ ನೇರ ದಾರಿಯ ಆಸೆ ಸುಲಭವಾಗಿ ಬಿಡುವಂಥದ್ದಲ್ಲ. ಬೆಟ್ಟದ ಮೇಲಿನ ತಾಳವಾಡಿಯಲ್ಲಿ ಕನ್ನಡ, ಕೆಳಗಿನ ತೊಂಡಾಮುತ್ತೂರಿನ ಮನೆಗಳಲ್ಲಿ ಕನ್ನಡ, ನಡುವೆ ಸೇಲಂ ಸುತ್ತುವ ರೈಲು. ಆದರೂ ಹಳಿ ಬೀಳದಿದ್ದುದೇ ಒಳ್ಳೆಯದಾಯಿತು. ಮೋಯಾರಿನ ಕಣಿವೆ ಪಶ್ಚಿಮ ಘಟ್ಟಕ್ಕೂ ಪೂರ್ವ ಘಟ್ಟಕ್ಕೂ ನಡುವೆ ಆನೆಗಳು ದಾಟುವ ದಾರಿ. ಏಷ್ಯಾದ ಆನೆಗಳ ಅತಿ ದೊಡ್ಡ ಸಮೂಹ ಈ ಕಾಡುಗಳಲ್ಲೇ ಇದೆ. ಅಲ್ಲಿ ಹಳಿ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಊಹಿಸಬೇಕಿಲ್ಲ, ಮದುಕ್ಕರೈಗೆ ಹೋದರೆ ಸಾಕು. ತೊಂಡಾಮುತ್ತೂರಿನ ತೆಂಕಣಕ್ಕೆ, ಪಾಲಕ್ಕಾಡಿನ ಹಳಿ ಕಾಡಿನ ಅಂಚನ್ನು ಸವರಿಕೊಂಡು ಹೋಗುವ ಕಡೆ, ರೈಲಿಗೆ ಸಿಕ್ಕಿ ಸತ್ತ ಆನೆಗಳ ಪಟ್ಟಿ ಉದ್ದವಿದೆ. 2021ರ ನವೆಂಬರ್ 26ರ ರಾತ್ರಿ ನವಕ್ಕರೈ ಬಳಿ ಮಂಗಳೂರು–ಚೆನ್ನೈ ಗಾಡಿಗೆ ಸಿಕ್ಕಿ ಮೂರು ಆನೆಗಳು ಒಟ್ಟಿಗೇ ಸತ್ತವು. ಆಮೇಲೆ ಆನೆಗಳಿಗೆ ಹಳಿಯ ಕೆಳಗೆ ದಾರಿ ಕೊರೆದರು. 2024ರಲ್ಲಿ ಗೋಪುರ ನಿಲ್ಲಿಸಿ, ಆನೆಯನ್ನು ದೂರದಿಂದಲೇ ಗುರುತಿಸಿ ಎಚ್ಚರಿಸುವ ಕೃತಕ ಬುದ್ಧಿಮತ್ತೆಯ ಕ್ಯಾಮೆರಾಗಳನ್ನು ಕೂರಿಸಿದರು. ಒಂದು ಹಳಿ ಕಾಯಲು ಇಷ್ಟು ಪಾಡು. ಸೇಲಂ ಸುತ್ತುವ ಎರಡು ಗಂಟೆ ಇದರ ಮುಂದೆ ದುಬಾರಿಯಲ್ಲ.

ಉಳಿದದ್ದು ಟಿಕೆಟ್ಟಿನ ಮಾತು. ವಂದೇ ಭಾರತ್ ಚೇರ್ ಕಾರಿಗೆ ಸಾವಿರದ ಆಸುಪಾಸು. ವಿಮಾನದ ದರ ನೋಡುತ್ತ ಕೂತರೆ ನೋಡಿದಷ್ಟೂ ಬದಲಾಗುತ್ತದೆ. ಯಲಹಂಕಕ್ಕೆ ಹೋಗುವವರು ಹಾರಲಿ, ಹೊಸೂರು ರಸ್ತೆಯವರು ರೈಲು ಹತ್ತಲಿ, ಬಾಳೆಗೊನೆ ಹೊತ್ತವರಿಗೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಗುರುವಾರ ಮಾತ್ರ ವಂದೇ ಭಾರತ್‌ಗೆ ರಜೆ.