ಜೂಜಿನ ಮೊಕದ್ದಮೆ: ನ್ಯಾಯಾಲಯದ ಬಿಡುಗಡೆ ಮತ್ತು ಅಲ್ಲಾಹನ ಮುಂದಿನ ಲೆಕ್ಕ

ಜೂಜು ಹರಾಮ್ ಎಂಬುದನ್ನು ನಮ್ಮ ಮನೆಗಳಲ್ಲಿ ಯಾರಿಗೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಪವಿತ್ರ ಕುರ್‌ಆನಿನ ಐದನೆಯ ಅಧ್ಯಾಯವಾದ ಅಲ್ ಮಾಇದಃದ 90 ಮತ್ತು 91ನೆಯ ಸೂಕ್ತಗಳು ಅದನ್ನು ಮದ್ಯದ ಜೊತೆಗಿಟ್ಟು ನಿಷೇಧಿಸಿವೆ. ಅದರಿಂದ ಜನರ ನಡುವೆ ಹಗೆತನ ಹುಟ್ಟುತ್ತದೆ, ದೇವಸ್ಮರಣೆ ಮತ್ತು ನಮಾಝಿಗೆ ತಡೆಯಾಗುತ್ತದೆ ಎಂದು ಎಚ್ಚರಿಸಿವೆ. ಆದರೆ ಮನೆಯ ಮಗನೊಬ್ಬ ಜೂಜಿನ ಆರೋಪದಲ್ಲಿ ಸಿಕ್ಕಿದಾಗ ಏನು ಮಾಡಬೇಕೆಂಬುದು ಅನೇಕ ಕುಟುಂಬಗಳಿಗೆ ತಿಳಿಯದು. ನಾಚಿಕೆಯಿಂದ ಅವನ ಕೈಬಿಡುವವರಿದ್ದಾರೆ. ಹೇಗಾದರೂ ಬಿಡಿಸಿ ತಂದರೆ ಸಾಕು, ಉಳಿದದ್ದನ್ನು ಮರೆಯೋಣ ಎನ್ನುವವರೂ ಇದ್ದಾರೆ. ಈ ಎರಡೂ ದಾರಿಗಳು ಆ ಹುಡುಗನಿಗೆ ಅನ್ಯಾಯ ಮಾಡುತ್ತವೆ.

ನಾನು ವಕೀಲನಲ್ಲ, ನ್ಯಾಯಾಲಯದ ಕಚೇರಿಯಲ್ಲಿ ಕಡತಗಳ ನಡುವೆ ದುಡಿದು ನಿವೃತ್ತನಾದವನು. ಕೆಲವು ವರ್ಷಗಳ ಹಿಂದೆ ಒಂದು ಶುಕ್ರವಾರ, ಜುಮಾ ನಮಾಝಿನ ಬಳಿಕ, ನಮ್ಮ ಮೊಹಲ್ಲಾದ ತಾಯಿಯೊಬ್ಬರು ಮನೆಗೆ ಬಂದರು. ಹೋಟೆಲಿನಲ್ಲಿ ಕೆಲಸಕ್ಕಿದ್ದ ಅವರ ಮಗ ಪಕ್ಕದ ಕಟ್ಟಡದ ಮಾಳಿಗೆಗೆ ಚಹಾ ಕೊಡಲು ಹೋಗಿದ್ದಾಗ ಅಲ್ಲಿ ಅಂದರ್ ಬಾಹರ್ ನಡೆಯುತ್ತಿತ್ತು. ದಾಳಿಯಲ್ಲಿ ಅವನ ಹೆಸರೂ ಸೇರಿತು. "ಭಾಯಿಜಾನ್, ತಪ್ಪು ಒಪ್ಪಿಕೊಂಡು ದಂಡ ಕಟ್ಟಿದರೆ ಇವತ್ತೇ ಮುಗಿಯುತ್ತದಂತೆ. ಕಟ್ಟಿಬಿಡಲೇ?" ಎಂದು ಕೇಳಿದರು. ಹುಡುಗ ಗಲ್ಫಿಗೆ ಹೊರಡುವ ಸಿದ್ಧತೆಯಲ್ಲಿದ್ದ.

ಕೆಲವು ನೂರು ರೂಪಾಯಿಗಳ ದಂಡ ಸಣ್ಣದೆನಿಸುತ್ತದೆ. ಆದರೆ ತಪ್ಪೊಪ್ಪಿಕೊಂಡು ದಂಡ ಕಟ್ಟುವುದೆಂದರೆ ಅಪರಾಧಿಯೆಂಬ ತೀರ್ಪನ್ನು ಪಡೆಯುವುದು. ಪಾಸ್‌ಪೋರ್ಟಿಗೆ, ಸರಕಾರಿ ಕೆಲಸಕ್ಕೆ, ವಿದೇಶದ ಉದ್ಯೋಗಕ್ಕೆ ಪೊಲೀಸ್ ಪರಿಶೀಲನೆ ನಡೆಯುವಾಗ ಆ ದಾಖಲೆ ಎದುರು ಬರುತ್ತದೆ. ಒಪ್ಪಿಕೊಂಡ ಮೇಲೆ ಶಿಕ್ಷೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯ ಬಗ್ಗೆಯಲ್ಲದೆ ಮೇಲ್ಮನವಿಗೆ ಸಾಮಾನ್ಯವಾಗಿ ಅವಕಾಶವಿರದು. ಆದ್ದರಿಂದ ಮೊದಲು ವಕೀಲರನ್ನು ಕಾಣಿರಿ ಎಂದೆ. ಶುಲ್ಕ ಕೊಡಲಾಗದ ಅರ್ಹರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ದೊರೆಯುತ್ತದೆ.

ಕರ್ನಾಟಕದಲ್ಲಿ ಜೂಜಿನ ಪ್ರಕರಣಗಳು ಮುಖ್ಯವಾಗಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ದಾಖಲಾಗುತ್ತವೆ. ಮಟ್ಕಾದಂತಹವುಗಳಿಗೆ 78ನೆಯ ಕಲಂ, ಅಡ್ಡೆ ನಡೆಸುವವನಿಗೆ 79, ಅಡ್ಡೆಯಲ್ಲಿ ಆಡುವವನಿಗೆ ಅಥವಾ ಆಡಲೆಂದು ಹಾಜರಿರುವವನಿಗೆ 80, ಬೀದಿಯಲ್ಲಿ ಆಡುವವನಿಗೆ 87. ಯಾವ ಕಲಂ ಹಾಕಿದ್ದಾರೆ ಎಂಬುದರ ಮೇಲೆ ಪ್ರತಿವಾದ ನಿಲ್ಲುತ್ತದೆ. ಅಲ್ಲಿದ್ದವನು ಆಟಕ್ಕೆಂದೇ ಹೋಗಿದ್ದನೇ ಎಂಬುದು ಮೊದಲ ಪ್ರಶ್ನೆ. ಆ ಸ್ಥಳ ಕಾನೂನಿನ ಅರ್ಥದಲ್ಲಿ ಜೂಜಿನ ಅಡ್ಡೆಯೇ, ಅದರಿಂದ ಮಾಲೀಕನಿಗೆ ಲಾಭವಿತ್ತೇ ಎಂಬುದು ಎರಡನೆಯದು. ಆಟ ಅದೃಷ್ಟದ್ದೋ ಕೌಶಲದ್ದೋ ಎಂಬುದು ಮೂರನೆಯದು. ಈ ಕಾಯ್ದೆಯ 176ನೆಯ ಕಲಂ ಕೌಶಲದ ಆಟಗಳಿಗೆ ವಿನಾಯಿತಿ ನೀಡಿದೆ. ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರಲ್ಲಿಯೇ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಹೇಳಿ, ಮೂರೆಲೆಯ ಆಟಗಳಿಂದ ಬೇರ್ಪಡಿಸಿತು.

ನಾಲ್ಕನೆಯದು ಕಾರ್ಯವಿಧಾನ. ದಾಳಿಗೆ ಅಧಿಕಾರಪತ್ರವಿತ್ತೇ, ಪಂಚರು ನಿಜವಾಗಿ ಸ್ಥಳದಲ್ಲಿದ್ದರೇ, ವಶಪಡಿಸಿಕೊಂಡ ಹಣ ಯಾರ ಮುಂದಿತ್ತು ಎಂಬುದನ್ನೆಲ್ಲ ನೋಡಬೇಕು. ಅಸಂಜ್ಞೇಯ ಅಪರಾಧವಾದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 155(2)ನೆಯ ಕಲಂ ಹೇಳುತ್ತಿದ್ದುದನ್ನೇ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174(2) ಹೇಳುತ್ತದೆ. ಈ ಅನುಮತಿ ಸರಿಯಾಗಿರಲಿಲ್ಲವೆಂಬ ಕಾರಣಕ್ಕೆ ಕರ್ನಾಟಕ ಉಚ್ಚ ನ್ಯಾಯಾಲಯವು ಅನೇಕ ಜೂಜಿನ ಪ್ರಕರಣಗಳನ್ನು ರದ್ದುಪಡಿಸಿದೆ. 2021ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಅದರ ಕೆಲವು ಭಾಗಗಳನ್ನು 2022ರ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯ ಅಸಿಂಧುಗೊಳಿಸಿತು. ಆದ್ದರಿಂದ ಘಟನೆಯ ದಿನಾಂಕ ಮತ್ತು ಕಲಂ ಎರಡನ್ನೂ ವಕೀಲರು ನೋಡಲೇಬೇಕು.

ಇಂತಹ ಪ್ರತಿವಾದಗಳನ್ನು ಹೂಡುವುದು ಪಾಪಕ್ಕೆ ರಕ್ಷಣೆ ಕೊಟ್ಟಂತಲ್ಲವೇ ಎಂದು ಕೆಲವು ಧರ್ಮಭೀರುಗಳು ಕೇಳುವುದುಂಟು. ಖಲೀಫಾ ಉಮರ್(ರ)ರ ಕುರಿತ ಪ್ರಸಿದ್ಧ ವೃತ್ತಾಂತವೊಂದನ್ನು ಅವರು ನೆನೆಯಬೇಕು. ರಾತ್ರಿ ಗಸ್ತಿನಲ್ಲಿದ್ದಾಗ ಒಂದು ಮನೆಯಿಂದ ಸದ್ದು ಕೇಳಿ, ಗೋಡೆ ಹತ್ತಿ ಒಳಗಿಳಿದು, ಮದ್ಯದೊಂದಿಗೆ ಕುಳಿತಿದ್ದವನನ್ನು ಅವರು ಗದರಿಸಿದರಂತೆ. ತಾನು ಒಂದು ತಪ್ಪು ಮಾಡಿದ್ದರೆ ಖಲೀಫರು ಮೂರು ಮಾಡಿದ್ದಾರೆ ಎಂದು ಆತ ಉತ್ತರಿಸಿದ: ಗೂಢಚರ್ಯೆ ನಡೆಸಿದರು, ಬಾಗಿಲು ಬಿಟ್ಟು ಗೋಡೆಯಿಂದ ಬಂದರು, ಅನುಮತಿಯಿಲ್ಲದೆ, ಸಲಾಮ್ ಹೇಳದೆ ಒಳಹೊಕ್ಕರು. ಈ ಮೂರನ್ನೂ ಕುರ್‌ಆನ್ ನಿಷೇಧಿಸಿದೆ. ಉಮರ್(ರ) ಅವನನ್ನು ಬಿಟ್ಟು ಹೊರನಡೆದರು. ಅಧಿಕಾರಪತ್ರ, ಅನುಮತಿ ಎಂಬ ನಿಯಮಗಳ ಹಿಂದಿರುವ ಆಶಯವೂ ಇದೇ. ಪಾಪಿಗೂ ಮನೆಯ ಬಾಗಿಲಿದೆ. ಅದನ್ನು ಕ್ರಮತಪ್ಪಿ ಒಡೆಯುವ ಹಕ್ಕು ಆಳುವವನಿಗಿಲ್ಲ.

ಆದರೆ ಒಂದು ಗೆರೆಯನ್ನು ದಾಟಬಾರದು. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಆರೋಪಿಯನ್ನು ಬಲವಂತಪಡಿಸುವಂತಿಲ್ಲ ಎನ್ನುತ್ತದೆ ನಮ್ಮ ಸಂವಿಧಾನದ 20(3)ನೆಯ ವಿಧಿ. ಮೌನವಾಗಿರುವುದು ಹಕ್ಕು. ಹುಡುಗ ಬೇರೆ ಊರಿನಲ್ಲಿದ್ದನೆಂದು ಗೆಳೆಯರಿಂದ ಹೇಳಿಸುವುದು ಸುಳ್ಳು ಸಾಕ್ಷ್ಯ, ಅದು ಮಹಾಪಾಪಗಳಲ್ಲೊಂದು. ಜೂಜಿನಿಂದ ಬಿಡಿಸಲು ಹೋಗಿ ಅದಕ್ಕಿಂತ ದೊಡ್ಡ ಹೊರೆಯನ್ನು ಮನೆಮಂದಿಯ ತಲೆಗೆ ಹೊರಿಸಬಾರದು.

ಆ ಹುಡುಗನ ಪ್ರಕರಣ ಕೊನೆಗೆ ರದ್ದಾಯಿತು. ಅವನೊಡನೆ ಒಬ್ಬನೇ ಕುಳಿತು ಮಾತನಾಡಿದಾಗ, ಆ ದಿನ ಚಹಾ ಕೊಡಲು ಹೋಗಿದ್ದು ನಿಜವೆಂದೂ, ಬೇರೆ ರಾತ್ರಿಗಳಲ್ಲಿ ಅದೇ ಮಾಳಿಗೆಯಲ್ಲಿ ಎಲೆ ಹಿಡಿದದ್ದೂ ನಿಜವೆಂದೂ ಹೇಳಿದ. "ಕೋರ್ಟೇ ಬಿಟ್ಟಿತಲ್ಲ ಚಾಚಾ, ಇನ್ನೇನು?" ಎಂದ. ಪ್ರವಾದಿ ಮುಹಮ್ಮದ್(ಸ)ರು ತಾವು ಕೇಳಿಸಿಕೊಂಡ ವಾದದ ಆಧಾರದಲ್ಲಿ ತೀರ್ಪು ಕೊಡುವುದಾಗಿಯೂ, ಮಾತಿನ ಚತುರತೆಯಿಂದ ಇನ್ನೊಬ್ಬನ ಹಕ್ಕನ್ನು ಪಡೆದವನು ಬೆಂಕಿಯ ತುಂಡನ್ನೇ ಪಡೆದಂತೆ ಎಂದೂ ಎಚ್ಚರಿಸಿದ್ದನ್ನು ಅವನಿಗೆ ನೆನಪಿಸಿದೆ. ಪ್ರವಾದಿಯವರ ತೀರ್ಪೇ ಹರಾಮನ್ನು ಹಲಾಲ್ ಮಾಡದಿದ್ದರೆ ನಮ್ಮ ನ್ಯಾಯಾಲಯದ ಆದೇಶ ಮಾಡೀತೇ? ಹುಡುಗ ಉತ್ತರಿಸಲಿಲ್ಲ.

ಈಗ ಮಾಳಿಗೆಯ ಜಾಗಕ್ಕೆ ಮೊಬೈಲ್ ಬಂದಿದೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಪಣಕ್ಕಿಡುವ ಆಟಗಳನ್ನು, ಕೌಶಲದ್ದಿರಲಿ ಅದೃಷ್ಟದ್ದಿರಲಿ, ನಿಷೇಧಿಸುತ್ತದೆ. ಆಟ ಒದಗಿಸುವವನಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಆಡುವವನಿಗೆ ಅದರಲ್ಲಿ ಶಿಕ್ಷೆಯಿಲ್ಲ. ಅವನನ್ನು ಬಲಿಪಶುವೆಂದೇ ಕಾಣಲಾಗಿದೆ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋಗಿವೆ. ತೀರ್ಪು ಏನೇ ಬರಲಿ, ತನಗೆ ಶಿಕ್ಷೆಯಿಲ್ಲವೆಂದು ರಾತ್ರಿಯಿಡೀ ಆಡುವ ಮಗನ ಸಾಲ ತೀರದು, ತಪ್ಪಿದ ಫಜ್ರ್ ಮರಳದು.

ಪ್ರಿಯ ತಂದೆ ತಾಯಂದಿರೇ, ಮಗ ಸಿಕ್ಕಿಬಿದ್ದರೆ ಅವನ ಜೊತೆ ನಿಲ್ಲಿರಿ. ಕಾನೂನು ಕೊಟ್ಟ ಹಕ್ಕನ್ನು ಸತ್ಯದ ಚೌಕಟ್ಟಿನಲ್ಲಿ ಬಳಸಿರಿ. ಅವನ ಹೆಸರನ್ನು ಊರೆಲ್ಲ ಸಾರಬೇಡಿರಿ. ಅಲ್ಲಾಹನು ಮುಚ್ಚಿಟ್ಟದ್ದನ್ನು ಬಯಲು ಮಾಡುವುದು ನಮ್ಮ ಕೆಲಸವಲ್ಲ. ಮನೆಗೆ ಬಂದ ಬಳಿಕ ಸಾಲದ ಲೆಕ್ಕ ಕೇಳಿರಿ. ಗೆದ್ದ ಹಣ ಅಡುಗೆಮನೆ ಸೇರದಂತೆ ನೋಡಿಕೊಂಡು, ಅದನ್ನು ಏನು ಮಾಡಬೇಕೆಂದು ವಿದ್ವಾಂಸರನ್ನು ವಿಚಾರಿಸಿರಿ. ಗೆಳೆಯನನ್ನು ಜೂಜಿಗೆ ಕರೆದವನು ದಾನ ಮಾಡಲಿ ಎಂದು ಹದೀಸ್ ಕಲಿಸುತ್ತದೆ. ಬರೀ ಕರೆದದ್ದಕ್ಕೇ ಅಷ್ಟು ಪ್ರಾಯಶ್ಚಿತ್ತವಿದ್ದರೆ ಆಡಿದವನ ತೌಬಾ ಎಷ್ಟು ಪ್ರಾಮಾಣಿಕವಾಗಿರಬೇಕು! ಅಲ್ಲಾಹನು ನಮ್ಮ ಮಕ್ಕಳಿಗೆ ಹಲಾಲ್ ಸಂಪಾದನೆಯನ್ನೂ, ನಮಗೆ ಅವರನ್ನು ತಿದ್ದುವ ತಾಳ್ಮೆಯನ್ನೂ ದಯಪಾಲಿಸಲಿ. ಆಮೀನ್.