ಎರಡು ಅಪಾಯಗಳ ನಡುವೆ ವಿವೇಕ

ರಕ್ತವು ನಾಳದಲ್ಲಿ ಹರಿಯುತ್ತಿರಬೇಕು; ಗಾಯವಾದಲ್ಲಿ ಹೆಪ್ಪುಗಟ್ಟಿ ನಿಲ್ಲಬೇಕು. ಆರೋಗ್ಯವಂತರಲ್ಲಿ ಈ ಎರಡೂ ಕಾರ್ಯಗಳು ತಾವಾಗಿಯೇ ನಡೆಯುತ್ತವೆ. ಮೂತ್ರಪಿಂಡಗಳು ಸೋತವರಲ್ಲಿ ಎರಡೂ ಕೆಡುತ್ತವೆ. ರಕ್ತದಲ್ಲಿ ಉಳಿದ ಕಲ್ಮಷದಿಂದ ಪ್ಲೇಟ್‌ಲೆಟ್ ಕಣಗಳ ಶಕ್ತಿ ಕುಂದಿ ರಕ್ತಸ್ರಾವದ ಭಯ ಹೆಚ್ಚುತ್ತದೆ. ಜೊತೆಗೆ ನಾಳಗಳು ಗಡುಸಾಗಿ, ರಕ್ತ ಹೆಪ್ಪುಗಟ್ಟುವ ಭಯವೂ ಹೆಚ್ಚುತ್ತದೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುವ ನಮ್ಮ ಅಣ್ಣನವರು ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ತಾಸು, ಹಾವೇರಿಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾರೆ. 2024ರಲ್ಲಿ ಹುಬ್ಬಳ್ಳಿಯಲ್ಲಿ ಅವರ ಹೃದಯದ ನಾಳಕ್ಕೆ ಸ್ಟೆಂಟ್ ಅಳವಡಿಸಲಾಯಿತು. ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎಂಬ ಎರಡು ಗುಳಿಗೆಗಳನ್ನು ವೈದ್ಯರು ವಿಧಿಸಿದರು. ಡಯಾಲಿಸಿಸ್ ಯಂತ್ರದ ಕೊಳವೆಗಳಿಗಾಗಿ ಹೆಪಾರಿನ್ ಮೊದಲೇ ಇತ್ತು. ಮೂರೂ ಸೇರಿದ ಮೇಲೆ, ಸೂಜಿ ತೆಗೆದಾಗ ತೋಳಿನ ರಕ್ತ ಬೇಗನೆ ನಿಲ್ಲದಾಯಿತು. ನೋಡಲು ಬಂದ ರಾಣೇಬೆನ್ನೂರಿನ ಬೀಗರು ಗಾಬರಿಯಾಗಿ, "ಆ ಗುಳಿಗಿ ಬಿಟ್ಟುಬಿಡ್ರಿ" ಎಂದರು.

ಅದೇ ದಿನಗಳಲ್ಲಿ ಹೆಪಾರಿನ್ನಿನ ಮೂಲವೂ ಅಣ್ಣನವರಿಗೆ ತಿಳಿಯಿತು. 1916ರಲ್ಲಿ ಅಮೆರಿಕದ ಜೇ ಮೆಕ್‌ಲೀನ್ ಎಂಬ ವೈದ್ಯ ವಿದ್ಯಾರ್ಥಿಯು ನಾಯಿಯ ಯಕೃತ್ತಿನ ಸಾರದಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಗುಣವನ್ನು ಕಂಡನು. ಹೆಪಾರಿನ್ನಿನ ಕಥೆ ಅಲ್ಲಿಂದ ಮೊದಲಾಯಿತು. ಇಂದು ಅದನ್ನು ಬಹುಮಟ್ಟಿಗೆ ಹಂದಿಯ ಕರುಳಿನಿಂದ ತೆಗೆಯುತ್ತಾರೆ. "ತಮ್ಮಾ, ನನ್ನ ಜೀವ ಉಳಿಸಾಕ ಇನ್ನೊಂದು ಜೀವ ತಗೋಬೇಕೇನು?" ಎಂದು ಅಣ್ಣನವರು ಕೇಳಿದರು. ನಾನು ನಿರುತ್ತರನಾದೆ.

ಬೀಗರ ಮಾತನ್ನೂ ವ್ರತದ ಪ್ರಶ್ನೆಯನ್ನೂ ವೈದ್ಯರ ಮುಂದಿಟ್ಟೆವು. ಅವರು ನಗಲಿಲ್ಲ. ಗುಳಿಗೆಗಳನ್ನು ತಾವಾಗಿ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಕೊಂಡು ಪ್ರಾಣಕ್ಕೇ ಸಂಚಕಾರ ಬರಬಹುದೆಂದರು. ಆದರೆ ಹೆಪಾರಿನ್ನಿನ ಪ್ರಮಾಣವನ್ನು ತಗ್ಗಿಸಬಹುದು. ಕೆಲವೊಮ್ಮೆ ಅದಿಲ್ಲದೆಯೇ, ನಡುನಡುವೆ ಸಲೈನ್ ಹರಿಸಿ ಡಯಾಲಿಸಿಸ್ ನಡೆಸಲೂಬಹುದು. ಎಲ್ಲರಿಗೂ ಎಲ್ಲ ಸಲವೂ ಅದು ಸಾಧ್ಯವಾಗದು ಎಂದು ವಿವರಿಸಿದರು. ಈ ಗುಳಿಗೆಗಳ ದೊಡ್ಡ ಪರೀಕ್ಷೆಗಳು ಬಹುತೇಕ ಡಯಾಲಿಸಿಸ್ ರೋಗಿಗಳನ್ನು ಹೊರಗಿಟ್ಟೇ ನಡೆದಿವೆ. ಆದುದರಿಂದ ಎರಡು ಗುಳಿಗೆಗಳನ್ನು ಎಷ್ಟು ತಿಂಗಳು ಕೊಡಬೇಕೆಂಬುದನ್ನು ಒಬ್ಬೊಬ್ಬರ ಸ್ಥಿತಿಯನ್ನು ತೂಗಿಯೇ ನಿರ್ಣಯಿಸಬೇಕಾಗುತ್ತದೆ.

ಹೆಪ್ಪುಗಟ್ಟೀತೆಂಬ ವೈದ್ಯರ ಭಯವೂ ನಿಜ, ರಕ್ತ ಸೋರೀತೆಂಬ ಬೀಗರ ಭಯವೂ ನಿಜ. ಒಂದನ್ನೇ ಪೂರ್ಣಸತ್ಯವೆಂದು ಹಿಡಿಯಬಾರದೆಂಬ ಅನೇಕಾಂತದೃಷ್ಟಿ ಆಸ್ಪತ್ರೆಯ ಹಾಸಿಗೆಯ ಬಳಿಯಲ್ಲೂ ಬೇಕು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮುಂದಿಡುತ್ತದೆ. ಹಂದಿಯ ನೋವು ಇದರಿಂದ ಅಳಿಯದು, ನಿಜ. ಎಷ್ಟು ತಗ್ಗಿಸಬಹುದೋ ಅಷ್ಟನ್ನು ಎಚ್ಚರದಿಂದ ತಗ್ಗಿಸುವುದು ಗೃಹಸ್ಥನ ಕೈಯಲ್ಲಿದೆ.

ಅಣ್ಣನವರ ಹೆಪಾರಿನ್ ಈಗ ಕಡಿಮೆಯಾಗಿದೆ. ಕೆಲವು ತಿಂಗಳುಗಳ ಬಳಿಕ ವೈದ್ಯರೇ ಒಂದು ಗುಳಿಗೆಯನ್ನು ನಿಲ್ಲಿಸಿದರು. ವ್ರತ, ಉಪವಾಸಗಳ ಸಂಗತಿಯನ್ನು ಚಿಕಿತ್ಸೆಗೆ ಮುನ್ನವೇ ವೈದ್ಯರಿಗೆ ತಿಳಿಸಿರೆಂದು ಸಹಧರ್ಮಿಗಳಲ್ಲಿ ನನ್ನ ಬಿನ್ನಹ. ಯಾರಿಗೂ ಹೇಳದೆ ಗುಳಿಗೆ ಬಿಡುವುದೂ ಪ್ರಮಾದವೇ ಸರಿ.